ಧೂಳಿದ್ದರೆ ಬಳಕೆಯಲ್ಲಿಲ್ಲ

ಮೇ ತಿಂಗಳ ಎರಡನೆಯ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಬೆಸೆಂಟ್ ನಗರದ ಕಡಲಿಗೆ ಎರಡು ಬೀದಿ ಈಚೆಗಿರುವ ಅಂಧ ಹೆಣ್ಣುಮಕ್ಕಳ ವಸತಿಶಾಲೆಯೊಂದರಲ್ಲಿ ನಾನು ಒಂದು ಕಪಾಟು ತೆರೆಸಿ, ಒಳಗೆ ಸಾಲಾಗಿ ನಿಲ್ಲಿಸಿದ್ದ ಅಲ್ಯೂಮಿನಿಯಂ ಹಲಗೆಗಳಲ್ಲಿ ಒಂದರ ಮೇಲೆ ತೋರುಬೆರಳನ್ನು ಎಳೆದೆ. ಬೆರಳಿಗೆ ಬಿಳಿಯ ಪುಡಿ ಅಂಟಿತು. ಕೈಯಲ್ಲಿದ್ದ ನಮೂನೆಯ ಏಳನೆಯ ಕಲಮಿನಲ್ಲಿ ‘ಬಳಕೆಯಲ್ಲಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ, ಕೆಳಗೆ ಸಹಿ ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಆ ಒಂದು ನಿಮಿಷಕ್ಕೆ ಉತ್ತರ ಕೊಡಲು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಂಪನಿಯ ಕೆಲಸ ಶಾಲೆಗಳಿಗೆ ಟ್ಯಾಬ್ ಕೊಡುವುದು. ಹಣ ದಾನಿ ಸಂಸ್ಥೆಯದು, ಯಂತ್ರ ನಮ್ಮದು, ಫೋಟೋ ಇಬ್ಬರದೂ. ದಾನಿಗಳ ಷರತ್ತು ಒಂದೇ: ಇದು ಸೇರ್ಪಡೆಯಾಗಬಾರದು, ಬದಲಾವಣೆಯಾಗಬೇಕು. ಹಳೆಯ ಉಪಕರಣ ತುಂಬಿದ ಕಪಾಟಿನ ‘ಮೊದಲು’ ಚಿತ್ರ, ಅದೇ ಕಪಾಟಿನಲ್ಲಿ ಟ್ಯಾಬುಗಳು ಚಾರ್ಜ್ ಆಗುತ್ತಿರುವ ‘ನಂತರ’ ಚಿತ್ರ, ಎರಡೂ ವಾರ್ಷಿಕ ವರದಿಯಲ್ಲಿ ಅಕ್ಕಪಕ್ಕ ಅಚ್ಚಾಗಬೇಕು. ಯಾವುದನ್ನು ಹಳೆಯದೆನ್ನಬೇಕು ಎಂಬ ಗೊಂದಲ ಕ್ಷೇತ್ರ ಸಂಯೋಜಕರಿಗೆ ಉಂಟಾಗದಿರಲೆಂದು ನಮೂನೆಯ ಹಿಂಬದಿಯಲ್ಲಿ ಸೂಚನೆ ಇತ್ತು: ಮುಟ್ಟಿ ನೋಡಿ, ಧೂಳಿದ್ದರೆ ಬಳಕೆಯಲ್ಲಿಲ್ಲ.

ಆ ಸಂಯೋಜಕಿ ನಾನು. ಮೈಸೂರಿನಲ್ಲಿ ಶಿಕ್ಷಣಶಾಸ್ತ್ರದ ಎಂ.ಎ. ಮುಗಿಸಿ ಬಂದವಳು. ಸಮೀಕ್ಷಾ ವಿಧಾನ ಎಂಬ ಪತ್ರಿಕೆಯಲ್ಲಿ ತರಗತಿಗೇ ಹೆಚ್ಚು ಅಂಕ ಪಡೆದವಳು. ಯಾವುದನ್ನು ಅಳೆಯುತ್ತೇವೋ ಅದಕ್ಕಿಂತ ಮೊದಲು ಯಾವಾಗ ಅಳೆಯುತ್ತೇವೆಂದು ಕೇಳಿಕೊಳ್ಳಬೇಕು ಎಂಬುದು ಆ ಪತ್ರಿಕೆಯ ಮೊದಲ ಪಾಠ. ಮೇ ತಿಂಗಳಲ್ಲಿ ಶಾಲೆಗೆ ರಜೆ. ಮಕ್ಕಳೆಲ್ಲ ಊರಿಗೆ ಹೋಗಿದ್ದರು. ಖಾಲಿ ಹಾಸ್ಟೆಲಿನ ಅಡುಗೆಮನೆಯ ಇಡ್ಲಿ ತಟ್ಟೆಗಳ ಮೇಲೂ ಅಷ್ಟೇ ಧೂಳಿತ್ತು. ಅದನ್ನೂ ಕಂಡೆ. ಕಂಡೂ ಗುರುತು ಹಾಕಿದೆ.

ಮುಖ್ಯೋಪಾಧ್ಯಾಯಿನಿ ಕೀಲಿಗೊಂಚಲು ಆಡಿಸುತ್ತ ಪಕ್ಕದಲ್ಲೇ ನಿಂತಿದ್ದರು. ಒಂದು ಮಾತು ಹೇಳಬಹುದಿತ್ತು. “ಎಲ್ಲಾಂ ಓಲ್ಡ್ ಸ್ಟಾಕ್ ಮಾ, ಸೀಕ್ಕಿರಂ ಎಡುತ್ತುಟ್ಟು ಪೋಂಗೋ,” ಎಂದರು. ಬೇಗ ತೆಗೆದುಕೊಂಡು ಹೋಗಿ ಎಂದು. ಜೂನ್ ಮೊದಲ ವಾರದಲ್ಲಿ ದಾನಿಗಳು ಬರುವವರಿದ್ದರು.

ಶಾಲೆ ತೆರೆಯುವ ಎರಡು ದಿನ ಮೊದಲು ಗುಜರಿಯವರ ಮಿನಿ ಲಾರಿ ಬಂತು. ಹಲಗೆಗಳೆಲ್ಲ ಹೋದವು. ಅವುಗಳ ಜೊತೆಗಿದ್ದ ಸೀಸದ ಮೊಳೆಗಳನ್ನು ಗೋಣಿಚೀಲಕ್ಕೆ ಸುರಿದುಕೊಂಡರು. ಸುರಿಯುವಾಗ ಆದ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ನಾನು ‘ನಂತರ’ ಚಿತ್ರ ತೆಗೆದೆ. ಬೆಳಕು ಚೆನ್ನಾಗಿತ್ತು.

ಗಣಿತದ ಮೇಡಂ ರಜೆ ಮುಗಿಸಿ ಬಂದದ್ದು ಟ್ಯಾಬುಗಳ ಉದ್ಘಾಟನೆಯ ದಿನ. ಅರವತ್ತರ ಸಮೀಪದ ಹೆಂಗಸು, ಅಂಚಿನ ನೂಲಿನ ಸೀರೆ, ಹಣೆಯಲ್ಲಿ ತೆಳುವಾದ ಕುಂಕುಮದ ಗೀಟು. ನಾನು ಫೋನಿನಲ್ಲಿ ಮನೆಯವರೊಂದಿಗೆ ಮಾತಾಡುವುದನ್ನು ಕೇಳಿ ಹತ್ತಿರ ಬಂದರು.

“ನೀನು ಕನ್ನಡದೋಳಾ ಮಾ? ನಮ್ದು ತಿರುವಲ್ಲಿಕೇಣಿ. ನಾಲ್ಕು ತಲೆಮೊರೆ ಇಲ್ಲೇ. ಸರಿ, ನನ್ನ ಕಪಾಟು ಯಾರು ಕಾಲಿ ಮಾಡ್ಸಿದ್ದು?”

ನಾನೇ ಎಂದೆ. ಬಳಕೆಯಲ್ಲಿರಲಿಲ್ಲ, ಧೂಳಿತ್ತು ಎಂದು ವಿವರಿಸಿದೆ.

“ಧೂಳಾ?” ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಉಪ್ಪು ಗಾಳಿ ಮಾ ಇದು. ನಿನ್ನೆ ಒರಸಿದ ಕಿಟಕಿ ಕಂಬಿ ಇವತ್ತು ಪೌಡರ್ ಹಾಕ್ಕೊಂಡು ನಿಂತಿರತ್ತೆ. ಒಂದು ಮಾಸ ಮುಟ್ಟದೆ ಬಿಟ್ರೆ ಅಲ್ಯೂಮಿನಿಯಂ ಅಷ್ಟೂ ಬಿಳೀ ಪೂಚು. ಮೇ ಲೀವ್‌ನಲ್ಲಿ ನಾನೂ ಮನೇಲಿ ಸುಮ್ನೆ ಕೂತಿದ್ದೆ, ನನ್ಮೇಲೂ ಬೆರಳಿಟ್ಟು ನೋಡಬೇಕಾಗಿತ್ತು ನೀನು. ಇದೂ ಬಳಕೇಲಿಲ್ಲ ಅಂತ ಬರ್ಕೊಳ್ಳೋಕೆ ಸೌಕರ್ಯವಾಗಿರೋದು.”

ಆಮೇಲೆ ತಮ್ಮ ಕೈಚೀಲದಿಂದ ಒಂದೇ ಒಂದು ಮೊಳೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆರಳ ಗಿಣ್ಣಿನಷ್ಟು ಉದ್ದದ ಚೌಕದ ಮೊಳೆ. ಒಂದು ತುದಿಯಲ್ಲಿ ಒಂದು ಅಂಚಿಗೆ ಏರು, ಇನ್ನೊಂದು ತುದಿಯಲ್ಲಿ ಎರಡು ಚುಕ್ಕಿ. ಹಲಗೆಯ ತೂತುಗಳಿಗೆ ಎಂಟು ಮೂಲೆ. ಮೊಳೆಯನ್ನು ಎಂಟು ದಿಕ್ಕಿಗೆ ತಿರುಗಿಸಿ ನೆಡಬಹುದು. ಏರು ಯಾವ ದಿಕ್ಕಿಗಿದೆಯೋ ಅದು ಅಂಕಿ. ಬುಡಮೇಲು ಮಾಡಿದರೆ ಒಂಬತ್ತು, ಸೊನ್ನೆ, ಕೂಡುವ ಕಳೆಯುವ ಚಿಹ್ನೆಗಳು. ಕಣ್ಣಿರುವ ಮಗು ಕಾಗದದ ಮೇಲೆ ಸಾಲಿನ ಕೆಳಗೆ ಸಾಲು ಬರೆದು ಲೆಕ್ಕ ಮಾಡುವ ಹಾಗೆ ಈ ಮಕ್ಕಳು ಸಾಲಿನ ಕೆಳಗೆ ಸಾಲು ಮೊಳೆ ನೆಟ್ಟು, ಬೆರಳಿನಿಂದ ಓದಿ, ತಪ್ಪಿದ್ದನ್ನು ಕಿತ್ತು, ಮತ್ತೆ ನೆಡುತ್ತಿದ್ದರು. ಅದು ಅವರ ಕಾಗದ, ಅವರ ಪೆನ್ಸಿಲ್, ಅವರ ರಬ್ಬರು. ನಾನು ಗುಜರಿಗೆ ಹಾಕಿದ್ದು ಅದನ್ನು.

ಟ್ಯಾಬ್ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ, ಸುಳ್ಳೂ ಹೌದು. ಅದು ಕಥೆ ಓದಿ ಹೇಳುತ್ತಿತ್ತು, ವಿಜ್ಞಾನದ ಪಾಠವನ್ನು ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಒಪ್ಪಿಸುತ್ತಿತ್ತು. ಮೊದಲ ವಾರದಲ್ಲೇ ಹಾಸ್ಟೆಲಿನ ಮಕ್ಕಳು ಅದಕ್ಕೆ ಮರುಳಾದರು. ನನ್ನ ಹೆಸರು ಯಾರೂ ಕೇಳಲಿಲ್ಲ. ಎಲ್ಲರಿಗೂ ನಾನು ‘ಟ್ಯಾಬ್ ಅಕ್ಕಾ’.

ಎಂಟನೆಯ ತರಗತಿಯಲ್ಲಿ ಹದಿನಾಲ್ಕು ಮಕ್ಕಳು. ಅವರಲ್ಲಿ ಒಬ್ಬಳು ಮಣಲಿಯವಳು. ತಂದೆ ಅಲ್ಲಿ ಟ್ಯಾಂಕರ್ ಲಾರಿಯ ಚಾಲಕ. ಮೂಲ ಕೃಷ್ಣಗಿರಿ ಕಡೆಯ ಕನ್ನಡದ ಮನೆ. ಕನ್ನಡದಲ್ಲಿ ಕೇಳಿದರೆ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಊರಿಗೆ ಹೋಗುವಾಗ ಬಸ್ಸಿನಲ್ಲಿ ನಿನ್ನ ಸ್ಟಾಪ್ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ, “ಕಂಡಕ್ಟರ್ ಸೊಲ್ಲ ವೇಣಾಂ ಅಕ್ಕಾ, ಮೂಕ್ಕೇ ಸೊಲ್ಲಿಡುಂ,” ಎಂದು ಮೂಗು ತೋರಿಸಿ ನಕ್ಕಿದ್ದಳು. ಮಣಲಿಯ ಎಣ್ಣೆ ಕಾರ್ಖಾನೆಯ ವಾಸನೆ ಬಂದರೆ ಮೂಗೇ ಹೇಳುತ್ತದೆಂದು. ಅವಳಿಗೆ ಹನ್ನೊಂದನೆಯ ತರಗತಿಯಲ್ಲಿ ಕಂಪ್ಯೂಟರ್ ಸೈನ್ಸ್ ಬೇಕಿತ್ತು. ಅದಕ್ಕೆ ಹತ್ತನೆಯವರೆಗೆ ಗಣಿತ ಇರಲೇಬೇಕು. ಈ ಶಾಲೆಯಲ್ಲಿ ಒಂಬತ್ತನೆಗೆ ಹೋಗುವ ಮುನ್ನ, ಗಣಿತ ನಿಭಾಯಿಸಲಾರದವರಿಗೆ ಬೇರೆ ವಿಷಯ ಕೊಡಿಸುವ ಪದ್ಧತಿ ಇತ್ತು. ಅವಳು ನಿಭಾಯಿಸುತ್ತಾಳೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಜೂನ್‌ವರೆಗೆ.

ಜುಲೈಯಲ್ಲಿ ಭಾಗಾಕಾರ ಶುರುವಾಯಿತು. ಟ್ಯಾಬ್ ಹೇಳುತ್ತದೆ: ನಾಲ್ಕು ಸಾವಿರದ ಮುನ್ನೂರ ಎಪ್ಪತ್ತೈದನ್ನು ಹದಿನಾರರಿಂದ ಭಾಗಿಸಿ. ಕೇಳಿಸಿಕೊಂಡು, ಮನಸ್ಸಿನಲ್ಲೇ ಮಾಡಿ, ಉತ್ತರ ಒತ್ತಬೇಕು. ಅವಳು ಹದಿನಾರೆರಡ್ಲಿ ಮೂವತ್ತೆರಡು ಎಂದುಕೊಂಡಳು. ನಲವತ್ತಮೂರರಲ್ಲಿ ಕಳೆದರೆ ಹನ್ನೊಂದು. ಏಳನ್ನು ಇಳಿಸಿದರೆ ನೂರಹದಿನೇಳು. ಅಲ್ಲಿ ನಿಂತಳು. ಎರಡೂ ಕೈ ಮೇಜಿನ ಮೇಲೆ ಏನನ್ನೋ ಹುಡುಕಿದವು. ಟ್ಯಾಬಿನ ನುಣುಪು ಗಾಜು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

“ಇದ ಎಂಗ ವೆಕ್ಕಿರದು ಅಕ್ಕಾ?”

ಇದನ್ನು ಎಲ್ಲಿಡಲಿ, ಎಂದು ಕೇಳಿದಳು. ಆ ಪ್ರಶ್ನೆಗೆ ನಮ್ಮ ತರಬೇತಿ ಕೈಪಿಡಿಯಲ್ಲಿ ಉತ್ತರವಿತ್ತು. ಅದನ್ನೇ ಹೇಳಿದೆ: “ಮನಸ್ಸಿನಲ್ಲಿ ಇಟ್ಟುಕೋ.”

ಇಟ್ಟುಕೊಳ್ಳಲು ನೋಡಿದಳು. ನೂರಹದಿನೇಳು, ನೂರಹದಿನೇಳು ಎಂದು ತುಟಿ ಅಲ್ಲಾಡಿಸುತ್ತ ಹದಿನಾರರ ಮಗ್ಗಿ ಹುಡುಕುವಷ್ಟರಲ್ಲಿ ಮೊದಲು ಬಂದ ಎರಡು ಜಾರಿತು. ಎರಡನ್ನು ಹಿಡಿದರೆ ನೂರಹದಿನೇಳು ಜಾರಿತು. ನಲವತ್ತು ಸೆಕೆಂಡು ಕಳೆಯಿತು. ಟ್ಯಾಬ್ ಬಹಳ ಸಭ್ಯ ಹೆಣ್ಣುದನಿಯಲ್ಲಿ ಮುಂದಿನ ಪ್ರಶ್ನೆಗೆ ಹೋಗೋಣವೇ ಎಂದಿತು. ಕೇಳಿತೇ ಹೊರತು ಉತ್ತರಕ್ಕೆ ಕಾಯಲಿಲ್ಲ.

ಕಣ್ಣಿರುವ ನಾನು ಅದೇ ಲೆಕ್ಕವನ್ನು ಕಾಗದವಿಲ್ಲದೆ ಮಾಡಲು ಕುಳಿತೆ. ಮೂರನೆಯ ಯತ್ನದಲ್ಲೂ ಆಗಲಿಲ್ಲ. ಆ ವಿಷಯವನ್ನು ಆ ವಾರದ ವರದಿಯಲ್ಲಿ ಬರೆಯಲಿಲ್ಲ. ಅದಕ್ಕೆ ಕಲಂ ಇರಲಿಲ್ಲ.

ಆಗಸ್ಟಿನಲ್ಲಿ ಮಕ್ಕಳು ಅಡುಗೆಮನೆಯಿಂದ ಹುಣಸೆಬೀಜ ತಂದರು. ಡಬ್ಬಿಯ ಮುಚ್ಚಳದಲ್ಲಿ ಹತ್ತರ ಗುಂಪು, ಬಿಡಿಯ ಗುಂಪು ಜೋಡಿಸಿ ಮುಟ್ಟಿ ನೋಡುವರು. ಮುಟ್ಟಿದರೆ ಬೀಜ ಉರುಳುವುದು, ಉರುಳಿದರೆ ಲೆಕ್ಕ ಹೋಯಿತು. ಮುಖ್ಯೋಪಾಧ್ಯಾಯಿನಿ ಅದನ್ನು ನಿಲ್ಲಿಸಿದರು. ದಾನಿಗಳ ತಂಡ ಯಾವ ದಿನವಾದರೂ ಬರಬಹುದು, ಅವರ ಎದುರು ಹುಣಸೆಬೀಜವೇ?

ಗಣಿತದ ಮೇಡಂ ನನ್ನನ್ನು ಹಿಡಿದರು. “ಐದೇ ಐದು ಹಲಗೆ ತರ್ಸು ಮಾ. ಟ್ಯಾಬ್ ಪಾಟಿಗೆ ಟ್ಯಾಬ್ ಇರ್ಲಿ. ಟ್ಯಾಬ್ ಕೇಳ್ಲಿ, ಇವ್ರು ಹಲಗೇಲಿ ಮಾಡ್ಲಿ, ಉತ್ತರ ಟ್ಯಾಬ್‌ಗೇ ಹೇಳ್ಲಿ. ಎರಡೂ ಒಂದು ಮೇಜಿನ ಮೇಲೆ ಕೂತ್ಕೊಂಡ್ರೆ ಏನು ಮೈಲಿಗೆಯಾ?”

ಇಷ್ಟು ಸರಳ ಪರಿಹಾರ ನಮ್ಮ ಕಂಪನಿಯ ಯಾವ ಸಭೆಯಲ್ಲೂ ಹೊಳೆದಿರಲಿಲ್ಲ. ಟಿ. ನಗರದಲ್ಲಿ ರೇಷ್ಮೆ ಸೀರೆಯ ಅಂಗಡಿಯ ಮೂರನೆಯ ಮಹಡಿಯಲ್ಲಿದ್ದ ನಮ್ಮ ಕಚೇರಿಗೆ ಹೋಗಿ ಮೇಲಧಿಕಾರಿಗೆ ಹೇಳಿದೆ. ಅವರು ತುಮಕೂರಿನವರು. ಬೇಕಾದಾಗ ಕನ್ನಡಾಭಿಮಾನ ಉಕ್ಕುತ್ತಿತ್ತು.

“ಅಲ್ಲ ಕಣಮ್ಮ, ಹೊಸ ಗಂಡನ ಮನೆ ಸೇರಿದ ಮೇಲೆ ಹಳೇ ಗಂಡನ ಫೋಟೋ ಗೋಡೆಗೆ ಹಾಕ್ತೀನಿ ಅಂತಾರಾ ಯಾರಾದ್ರೂ?”

“ಸರ್, ಮಕ್ಕಳಿಗೆ ಬರೆಯೋಕೆ ಜಾಗ ಇಲ್ಲ.”

“ನೀನೇ ತಾನೆ ಬಳಕೇಲಿಲ್ಲ ಅಂತ ಸಹಿ ಹಾಕಿದ್ದು? ಈಗ ಐದು ಒಳಗೆ ಬಂದ್ರೆ ಸ್ಟಾಕ್ ಪುಸ್ತಕದಲ್ಲಿ ಏನಂತ ಬರೀತಾರೆ? ಸತ್ತೋನು ಎದ್ದು ಬಂದ ಅಂತಲಾ? ಆಡಿಟ್‌ನವರು ಮೊದಲು ನಿನ್ನ ಕುತ್ತಿಗೆಗೇ ಕೈ ಹಾಕ್ತಾರೆ. ಹೋಗು, ಹೋಗಿ ಕಾಫಿ ಕುಡಿ.”

ನಾನು ಹೋಗಿ ಕಾಫಿ ಕುಡಿದೆ. ಇದನ್ನು ಮುಚ್ಚಿಡಲಾರೆ. ಪ್ರೊಬೇಷನ್ ಇನ್ನೂ ಮುಗಿಯದ ನೌಕರಿ ಅದು.

ಟ್ಯಾಬ್ ಪ್ರತಿ ಮಗುವಿನ ಪ್ರತಿ ಪ್ರಶ್ನೆಯನ್ನೂ ದಾಖಲಿಸುತ್ತದೆ. ನಲವತ್ತು ಸೆಕೆಂಡು ಸದ್ದಿಲ್ಲದಿದ್ದರೆ ‘ಪ್ರಯತ್ನವಿಲ್ಲ’. ಯೋಚನೆ ಮೌನವಾಗಿ ನಡೆಯುತ್ತದೆ ಎಂಬುದು ಆ ತಂತ್ರಾಂಶ ಬರೆದವರಿಗೆ ತಿಳಿಯದ್ದಲ್ಲ, ಬೇಕಾಗದ್ದು. ಜನವರಿಯಲ್ಲಿ ಸಿದ್ಧವಾದ ವರದಿಯ ಪ್ರಕಾರ ಎಂಟನೆಯ ತರಗತಿಯ ಹದಿನಾಲ್ಕು ಮಕ್ಕಳಲ್ಲಿ ಹನ್ನೆರಡು ಮಂದಿ ಗಣಿತದಲ್ಲಿ ‘ಶೂನ್ಯ ಹಂತ’. ಮಣಲಿಯ ಹುಡುಗಿಯ ಭಾಗಾಕಾರದ ಮುಂದೆ ಒಂದೇ ಪದ ಪುಟದ ಉದ್ದಕ್ಕೂ ಇಳಿದಿತ್ತು: ಪ್ರಯತ್ನವಿಲ್ಲ, ಪ್ರಯತ್ನವಿಲ್ಲ, ಪ್ರಯತ್ನವಿಲ್ಲ. ಆ ಪ್ರತಿಯೊಂದು ಪ್ರಯತ್ನವನ್ನೂ ನಾನು ಕಣ್ಣಾರೆ ಕಂಡಿದ್ದೆ. ಪರಿಶೀಲಿಸಿದವರು ಎಂಬಲ್ಲಿ ಸಹಿ ಮಾಡಿದೆ. ಅದೇ ವಾರ ನನ್ನ ಕೆಲಸ ಖಾಯಂ ಆದ ಪತ್ರ ಬಂತು.

ಆ ವರದಿ ಎಲ್ಲಿಗೆ ಹೋಗುತ್ತದೆಂದು ತಿಳಿದದ್ದು ಫೆಬ್ರವರಿಯಲ್ಲಿ. ಮುಖ್ಯೋಪಾಧ್ಯಾಯಿನಿ ಹನ್ನೆರಡೂ ಮಕ್ಕಳಿಗೆ ಗಣಿತ ಬಿಡಿಸುವ ಅರ್ಜಿ ಸಿದ್ಧಪಡಿಸಿದ್ದರು. ಆಧಾರ ಎಂಬಲ್ಲಿ ನಮ್ಮ ವರದಿ ಲಗತ್ತಾಗಿತ್ತು. ಅವರ ದೃಷ್ಟಿಯಲ್ಲಿ ಅದು ದಯೆ. ಗಣಿತವಿಲ್ಲದಿದ್ದರೆ ಯಾರೂ ಫೇಲ್ ಆಗುವುದಿಲ್ಲ, ಶಾಲೆಯ ಫಲಿತಾಂಶ ನೂರಕ್ಕೆ ನೂರು.

ಅಂದು ನಾನು ಮೊದಲ ಬಾರಿಗೆ ಕೆಲಸ ಬಿಟ್ಟು ಕೆಲಸ ಮಾಡಿದೆ. ಗುಜರಿ ಗೋದಾಮು ಮಣಲಿಯ ದಾರಿಯಲ್ಲಿತ್ತು. ಹಲಗೆಗಳು ಜೂನ್‌ನಲ್ಲೇ ಕರಗಿಹೋಗಿದ್ದವು. ಮೊಳೆಗಳ ಗೋಣಿಚೀಲ ಮಾತ್ರ ಒಂದು ಮೂಲೆಯಲ್ಲಿತ್ತು. ಅದರಲ್ಲೇನೋ ಬೆರಕೆಯಿದೆಯೆಂದು ಕುಲುಮೆಯವರು ತೆಗೆದುಕೊಂಡಿರಲಿಲ್ಲವಂತೆ. ಚೀಲವನ್ನು ಆಟೋದಲ್ಲಿ ಹಾಕಿಕೊಂಡು ಶಾಲೆಗೆ ತಂದೆ. ಗಣಿತದ ಮೇಡಂ ಒಳಗೆ ಕೈ ಹಾಕಿ ಒಂದು ಹಿಡಿ ಎತ್ತಿ ಮತ್ತೆ ಬಿಟ್ಟರು.

“ಅಕ್ಷರ ತಂದಿದ್ದೀಯ, ಕಾಗದ ಸುಟ್ಟಿದ್ದೀಯ. ಭೇಷ್.”

ಆದರೆ ಮರುದಿನ ಅವರು ಬಟ್ಟೆಯಲ್ಲಿ ಸುತ್ತಿದ ಒಂದು ಹಲಗೆ ಹಿಡಿದುಕೊಂಡು ಬಂದರು. ತರಬೇತಿಯ ಕಾಲದಲ್ಲಿ ಕೊಂಡದ್ದು, ಸ್ವಂತದ್ದು, ಶಾಲೆಯ ಪುಸ್ತಕದಲ್ಲಿ ಎಂದೂ ದಾಖಲಾಗದ್ದು. ಅದನ್ನು ಇಟ್ಟುಕೊಂಡು ಮರುಪರೀಕ್ಷೆ ನಡೆಸಬೇಕೆಂದು ಇಬ್ಬರೂ ಮುಖ್ಯೋಪಾಧ್ಯಾಯಿನಿಯ ಮುಂದೆ ನಿಂತೆವು. ಒಂದು ಪಿರಿಯಡ್ ಕೊಟ್ಟರು. ಒಂದು ಹಲಗೆ, ಹನ್ನೆರಡು ಮಕ್ಕಳು, ನಲವತ್ತು ನಿಮಿಷ.

ಒಬ್ಬೊಬ್ಬರಿಗೆ ಮೂರು ನಿಮಿಷ ಕೊಟ್ಟರೆ ಯಾರದೂ ಮುಗಿಯುವುದಿಲ್ಲ. ಮೂವರಿಗೆ ಕೊಟ್ಟರೆ ಮುಗಿಯುತ್ತದೆ. ಯಾವ ಮೂವರು? ಇಪ್ಪತ್ತಾರು ವರ್ಷ ಗಣಿತ ಕಲಿಸಿದ ಹೆಂಗಸು ಬಾಗಿಲ ಬಳಿ ನಿಂತು, ಒಂಬತ್ತು ಮಕ್ಕಳನ್ನು ತಮ್ಮ ಬಾಯಾರೆ ಹೊರಗೆ ಕಳಿಸಿದರು. ಆ ಒಂಬತ್ತು ಮಂದಿ ಗೋಡೆ ಹಿಡಿದು ಸಾಲಾಗಿ ಹೋದರು. ಅಂಥ ಆಯ್ಕೆಯನ್ನು ಆ ಹೆಂಗಸಿನ ಪಾಲಿಗೆ ತಂದಿಟ್ಟದ್ದು ನನ್ನ ತೋರುಬೆರಳು.

ಮಣಲಿಯ ಹುಡುಗಿ ಮೂರನೆಯವಳು. ಅದೇ ಲೆಕ್ಕ ಕೊಟ್ಟೆವು. ಒಂಬತ್ತು ತಿಂಗಳು ಮೊಳೆ ಮುಟ್ಟದ ಬೆರಳು. ಏಳನ್ನು ನೆಡಬೇಕಾದಲ್ಲಿ ಎಂಟನ್ನು ನೆಟ್ಟಳು. ತಡವಿ ನೋಡಿ, ತಲೆಯಲ್ಲಾಡಿಸಿ, ಕಿತ್ತು ತಿರುಗಿಸಿದಳು. ನಾಲ್ಕು, ಮೂರು, ಏಳು, ಐದು. ಕೆಳಗೆ ಮೂವತ್ತೆರಡು. ಅದರ ಕೆಳಗೆ ಹನ್ನೊಂದು. ಏಳನ್ನು ಇಳಿಸಿದಳು. ಈ ಸಲ ನೂರಹದಿನೇಳನ್ನು ಎಲ್ಲಿಡಲಿ ಎಂದು ಯಾರನ್ನೂ ಕೇಳಲಿಲ್ಲ. ಅಲ್ಲೇ ನೆಟ್ಟಳು. ನೆಟ್ಟದ್ದು ಅಲ್ಲೇ ಇತ್ತು. ಎಡಗೈ ಅದರ ಮೇಲೆ ಕಾವಲು ಕೂತಿತು, ಬಲಗೈ ಮುಂದಕ್ಕೆ ಹೋಯಿತು. ಮೊಳೆಗಳು ಟಿಕ್ ಟಿಕ್ ಎಂದು ತೂತಿಗೆ ಬಿದ್ದವು.

“ಇರುನೂತ್ತಿ ಎಳುಬತ್ತಿ ಮೂಣು. ಮೀದಿ ಏಳು.”

ಇನ್ನೂರ ಎಪ್ಪತ್ತಮೂರು, ಶೇಷ ಏಳು. ಸರಿಯಾಗಿತ್ತು. ಮೊದಲಿನ ಇಬ್ಬರದೂ ಸರಿಯಾಗಿತ್ತು.

ಮುಖ್ಯೋಪಾಧ್ಯಾಯಿನಿ ನಿಜವಾಗಿಯೂ ಚಪ್ಪಾಳೆ ತಟ್ಟಿದರು. “ವೆರಿ ಗುಡ್ ಕಣ್ಣಾ,” ಎಂದು ಅವಳ ಕೆನ್ನೆ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು. “ಆನಾ ಅಂದ ಬೋರ್ಡು ನಮ್ಮ ಸ್ಟಾಕ್‌ಲ ಇಲ್ಲಯೇ ಮಾ.” ಆದರೆ ಆ ಹಲಗೆ ನಮ್ಮ ದಾಖಲೆಯಲ್ಲೇ ಇಲ್ಲವಲ್ಲ. ಕಡತದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ಏಳನೆಯ ಕಲಂ, ನನ್ನ ಗುರುತು, ನನ್ನ ಸಹಿ. ಶಾಲೆ ಬಳಸುವುದಿಲ್ಲವೆಂದು ಪ್ರಮಾಣಿತವಾದ ಉಪಕರಣದಿಂದ ಪಡೆದ ಉತ್ತರವನ್ನು ಅರ್ಜಿಗೆ ಹೇಗೆ ಲಗತ್ತಿಸುವುದು? ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವರಿಗೆ ನಿಜಕ್ಕೂ ದಾರಿ ಕಾಣಿಸುತ್ತಿರಲಿಲ್ಲ, ಹುಡುಕುವ ಅಗತ್ಯವೂ ಕಾಣಿಸುತ್ತಿರಲಿಲ್ಲ.

ಅಂದು ಮಧ್ಯಾಹ್ನ ಕಚೇರಿಯಲ್ಲಿ ಕುಳಿತು ನನ್ನೆರಡು ಸಹಿಗಳನ್ನೂ ಹಿಂತೆಗೆದುಕೊಂಡು ಪತ್ರ ಬರೆದೆ. ರಜೆಯಲ್ಲಿ ಸಮೀಕ್ಷೆ ಮಾಡಿದೆ. ಉಪ್ಪುಗಾಳಿಯ ಪುಡಿಯನ್ನು ಧೂಳೆಂದು ಬರೆದೆ. ಪ್ರಯತ್ನವನ್ನು ಕಂಡೂ ಪ್ರಯತ್ನವಿಲ್ಲ ಎಂಬುದನ್ನು ದೃಢೀಕರಿಸಿದೆ. ಈ ಮಕ್ಕಳಿಗೆ ಗಣಿತ ಬರುತ್ತದೆ. ದಾನಿ ಸಂಸ್ಥೆ, ಶಾಲೆ, ಮೇಲಧಿಕಾರಿ, ಮೂವರಿಗೂ ಕಳಿಸಿದೆ. ದಾನಿ ಸಂಸ್ಥೆಯಿಂದ, ತಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂಬ ಉತ್ತರ ಎರಡು ನಿಮಿಷದಲ್ಲಿ ಬಂತು. ಯಂತ್ರ ಕಳಿಸುವ ಉತ್ತರ. ಮೇಲಧಿಕಾರಿ ಕರೆದರು.

“ಸಹಿ ಅಂದ್ರೆ ಏನು, ಎಸ್.ಎಂ.ಎಸ್. ಅಂದ್ಕೊಂಡ್ಯಾ ಡಿಲೀಟ್ ಮಾಡೋಕೆ? ಹನ್ನೆರಡು ಕುರುಡು ಮಕ್ಕಳಿಗೋಸ್ಕರ ಮೂವತ್ತು ಶಾಲೆ ಪ್ರಾಜೆಕ್ಟ್ ಮುಳುಗಿಸ್ತೀಯಾ? ಪಾಪ ಅಂತೀಯ. ಪಾಪ ಎಲ್ಲಾರ್ಗೂ ಅನ್ಸತ್ತೆ ಕಣಮ್ಮ, ಎಲ್ಲಾರೂ ಪತ್ರ ಬರೆಯಲ್ಲ.”

ಮಾರ್ಚ್ ಕೊನೆಗೆ ಕೆಲಸ ಮುಗಿಯುತ್ತದೆಂಬ ಪತ್ರ ಕೊಟ್ಟರು. ನನ್ನ ಪತ್ರಕ್ಕೆ ಸಂಖ್ಯೆ ಬಿದ್ದು, ಅದೂ ಕಡತ ಸೇರಿತು. ಅರ್ಜಿಗಳು ನಿಲ್ಲಲಿಲ್ಲ.

ಇಲ್ಲಿ ಯಾರೂ ಕಾನೂನು ಮುರಿಯಲಿಲ್ಲ. ಕಪಾಟಿನ ಚಿತ್ರ ನಿಜ, ಬೆರಳಿಗಂಟಿದ ಪುಡಿ ನಿಜ, ನಲವತ್ತು ಸೆಕೆಂಡಿನ ಮೌನ ನಿಜ. ಇಷ್ಟು ನಿಜಗಳನ್ನು ಒಂದರ ಮೇಲೊಂದು ಪೇರಿಸಿ ಹನ್ನೆರಡು ಮಕ್ಕಳ ಕೈಯಿಂದ ಗಣಿತವನ್ನು ಕಿತ್ತುಕೊಂಡೆವು. ಹೊಸದನ್ನು ಕೊಡುವವರು ಹಳೆಯದನ್ನು ಏಕೆ ಒಯ್ಯಬೇಕು, ಒಯ್ಯುವ ಮುನ್ನ ಅದನ್ನು ಬಳಸುವ ಕೈಗಳನ್ನು ಏಕೆ ಕೇಳಬಾರದು? ದಾನಿಗಳು ಉತ್ತರಿಸಬೇಕು. ತಂತ್ರಾಂಶ ಬರೆದವರು ಉತ್ತರಿಸಬೇಕು. ಫಲಿತಾಂಶದ ಫಲಕ ತೂಗುಹಾಕುವ ಶಾಲೆ ಉತ್ತರಿಸಬೇಕು. ಅವರೆಲ್ಲರಿಗಿಂತ ಮೊದಲು ನಾನು.

ಆ ಸರದಿ ಮಾರ್ಚ್‌ನಲ್ಲೇ ಬಂತು. ಅರ್ಜಿಯನ್ನು ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ, ಹೆಬ್ಬೆಟ್ಟಿನ ಗುರುತು ಪಡೆಯಬೇಕೆಂಬ ನಿಯಮವಿತ್ತು. ವರದಿ ನಮ್ಮದಾದ್ದರಿಂದ ಓದುವವರೂ ನಮ್ಮವರೇ ಆಗಬೇಕಿತ್ತು. ಅದು ನನ್ನ ಕೊನೆಯ ಕರ್ತವ್ಯ. ಹನ್ನೊಂದು ಮಕ್ಕಳಿಗೆ ತಮಿಳಿನಲ್ಲಿ ಓದಿದೆ. ಕೊನೆಗೆ ಮಣಲಿಯ ಹುಡುಗಿ ಬಂದು ಕುಳಿತಳು. ಅವಳಿಗೆ ಕನ್ನಡದಲ್ಲಿ ಓದಿದೆ: ಸದರಿ ವಿದ್ಯಾರ್ಥಿನಿಗೆ ಗಣಿತದಲ್ಲಿ ಗ್ರಹಣಶಕ್ತಿ ಇರುವುದಿಲ್ಲ. ಭಾಗಾಕಾರದಲ್ಲಿ ಪ್ರಯತ್ನವನ್ನೇ ಮಾಡಿರುವುದಿಲ್ಲ.

ಅವಳು ಶಾಯಿ ಹಚ್ಚಿದ ಹೆಬ್ಬೆರಳನ್ನು ಕಾಗದಕ್ಕೆ ತಾಗದಂತೆ ಮೇಲೆತ್ತಿ ಹಿಡಿದಿದ್ದಳು.

“ಯಾರ್ ಅಕ್ಕಾ ಎಳುದಿನದು?” ಯಾರು ಬರೆದದ್ದು, ಎಂದಳು.

“ಕೆಳಗೆ ಸಹಿ ನನ್ನದು,” ಎಂದೆ.

“ಅಪ್ಪೋ ಪೇರುಂ ಪಡಿಂಗ.”

ಹಾಗಾದರೆ ಹೆಸರನ್ನೂ ಓದಿ, ಎಂದಳು. ಇಡೀ ವರ್ಷದಲ್ಲಿ ಆ ಶಾಲೆಯ ಯಾವ ಮಗುವೂ ಕೇಳದ ನನ್ನ ಹೆಸರನ್ನು ಇನಿಷಿಯಲ್ ಸಮೇತ, ಹುದ್ದೆ ಸಮೇತ ಓದಿದೆ. ಅವಳು ತುಟಿ ಅಲ್ಲಾಡಿಸುತ್ತ ಅದನ್ನು ಎರಡು ಸಲ ಹೇಳಿಕೊಂಡಳು, ಜುಲೈಯಲ್ಲಿ ನೂರಹದಿನೇಳನ್ನು ಹೇಳಿಕೊಂಡ ಹಾಗೆಯೇ. ನಂತರ ಹೆಬ್ಬೆಟ್ಟು ಒತ್ತಿದಳು. ಎದ್ದು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿ, ನನ್ನ ಕಡೆ ಮುಖ ಮಾಡಿ, ನಾನು ಅವಳ ಬಾಯಲ್ಲಿ ಅದುವರೆಗೆ ಕೇಳದ ಕನ್ನಡದಲ್ಲಿ ಹೇಳಿದಳು:

“ಮನಸ್ನಾಗೆ ಇಟ್ಕೊಂಡೆ ಅಕ್ಕಾ.”